ಕೇಳದೆ ಚೀಲಕ್ಕೆ ಬಿದ್ದ ಗೋಧಿ

ಮಾರ್ಚ್ ೧೨, ಗುರುವಾರ, ನೇಪಲ್ಸ್

ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತಬಾರದು. ಈ ಊರಿನ ಮುದುಕರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುವ ನಾವು ಉಕ್ರೇನಿನ ಹೆಂಗಸರೆಲ್ಲ ಗುರುವಾರದ ಅರ್ಧ ದಿನದ ರಜೆಯಲ್ಲಿ ಸೇರುವುದು ಅಲ್ಲೇ, ಓದಾರ್ಕಾಳ ಅಂಗಡಿಯಲ್ಲಿ. ನಮ್ಮ ಕಡೆಯ ಕಪ್ಪು ಬ್ರೆಡ್ಡಿನ ವಾಸನೆಗೇ ಮನಸ್ಸು ಹಗುರಾಗುತ್ತಿತ್ತು. ಇವತ್ತು ಹಾಗಾಗಲಿಲ್ಲ.

"ನಿನ್ನ ಮುದುಕಿ ಹೇಗಿದಾಳೆ?" ಎಂದಳು ಓದಾರ್ಕಾ. ಎರಡು ದಿನದಿಂದ ಗಂಜಿಯೂ ಇಳಿಯುತ್ತಿಲ್ಲ ಎಂದೆ. ಬ್ರೆಡ್ಡಿನ ಜೊತೆಗೆ, ನಾನು ಕೇಳದಿದ್ದರೂ, ಒಂದು ಪೊಟ್ಟಣ ಗೋಧಿಯನ್ನು ಚೀಲಕ್ಕೆ ಹಾಕಿದಳು. ಸತ್ತವರ ಹೆಸರಿನಲ್ಲಿ ನಾವು ಜೇನು ಬೆರೆಸಿ ಹಂಚುವ ಗೋಧಿ.

"ಅವರಿನ್ನೂ ಉಸಿರಾಡ್ತಿದಾರೆ ಕಣೇ."

"ಆಡ್ಲಿ ಬಿಡು, ಗೋಧಿ ಏನು ಕೆಡುತ್ತಾ? ಅವಳು ಹೋದ್ಮೇಲೆ ನಿಂಗೆ ಮಲಗೋಕೆ ಜಾಗ ಬೇಡ್ವಾ? ಹಿಂದಿನ ಬೀದೀಲಿ ಒಬ್ಬ ಮುದುಕ ಈಗಷ್ಟೇ ಹಾಸಿಗೆ ಹಿಡಿದಿದಾನೆ. ಗಟ್ಟಿ ಜೀವ, ವರ್ಷಗಟ್ಟಲೆ ಎಳೀತಾನೆ. ಯಾರಿಗೂ ಹೇಳಿಲ್ಲ, ನಿಂಗೇ ಅಂತ ಇಟ್ಟಿದೀನಿ."

ಮುಖಕ್ಕೆ ಉಗಿದು ಬರಬೇಕಿತ್ತು. ಆ ಮುದುಕನ ಹೆಸರು ಕೇಳಿಕೊಂಡು ಬಂದೆ.

ಮನೆಯಲ್ಲಿ ಚೀಲ ಬಿಚ್ಚುವಾಗ ನಾನು ನೋಡಿಕೊಳ್ಳುವ ಡೊನ್ನಾ ಅಸ್ಸುಂತಾ ಮಲಗಿದಲ್ಲಿಂದಲೇ ಗೋಧಿ ನೋಡಿದರು. ಮುಖ ಅರಳಿತು. ಈ ಊರಿನವರಿಗೆ ಅದು ಈಸ್ಟರ್ ಹಬ್ಬದ ಸಿಹಿಗೆ ಹಾಕುವ ಗೋಧಿ.

"ಹಬ್ಬ ನೆನಪಿಟ್ಕೊಂಡು ತಂದೆಯಲ್ಲೇ ಮಗಳೇ. ಒಲೆ ಹತ್ರ ನಂಗೊಂದು ಕುರ್ಚಿ ಹಾಕು. ನಿಂಗೆ ಹಬ್ಬದ ಸಿಹಿ ಮಾಡೋದನ್ನ ಕಲಿಸಿಯೇ ನಾನು ಸಾಯೋದು."

ಆಮೇಲೆ ತಾವೇ ಕೇಳಿ ಗಂಜಿ ಕುಡಿದರು.

ಗೋಧಿ ನೆನೆಹಾಕಿದ್ದೇನೆ. ಸಿಹಿ ಮಾಡಿದ ದಿನ ಮೊದಲ ತುತ್ತನ್ನು ನನ್ನ ಬಾಯಿಗೇ ಇಡುತ್ತಾರೆ, ಗೊತ್ತು. ಆ ಮುದುಕನ ಹೆಸರು ಇನ್ನೂ ನಾಲಿಗೆಯ ಮೇಲೇ ಇದೆ.