ಟೇಪು ಬೀಸಿದರೆ ಬರುತ್ತಾನೆ

ಮಹಡಿ ಮನೆಯ ಅಮ್ಮನವರಿಗೆ, ಕೆಳಗಿನ ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವ ಹುಡುಗಿಯ ನಮಸ್ಕಾರಗಳು.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಎದುರಿಗೆ ಬಂದರೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ಎಷ್ಟು ಕೂಗಿದ್ರೂ ಏಳಲ್ಲ, ಮೆಟ್ಟಿಲ ಮೇಲೇ ಬಿದ್ದಿರುತ್ತೆ. ಬರೋ ಭಾನುವಾರದೊಳಗೆ ಈ ನಾಯೀನ ಎಲ್ಲಾದ್ರೂ ಬಿಟ್ಟು ಬನ್ನಿ" ಎಂದು ಹೋದ ವಾರ ಹೇಳಿದಿರಿ. ನಮ್ಮ ನಾಯಿ ಉಂಡೆಯದು ಸೊಕ್ಕಲ್ಲ ಅಮ್ಮ. ವಯಸ್ಸಾಗಿ ಕಿವಿ ಹೋಗಿದೆ. ಮರುದಿನ ಪಕ್ಕದಲ್ಲೇ ಕತ್ತರಿ ಬಿದ್ದರೂ ಅವನು ಕದಲದಿದ್ದಾಗ ನಮಗೆ ಗೊತ್ತಾಯಿತು.

ಆಗ ಕೂಗಿ ಕರೆಯುವ ಬದಲು ನನ್ನ ಕೊರಳಲ್ಲಿದ್ದ ಅಳತೆ ಟೇಪನ್ನೇ ಬೀಸಿ, ಬಂದಾಗಲೆಲ್ಲ ಬ್ರೆಡ್ಡು ಕೊಟ್ಟೆ. ಮುದುಕ ನಾಲ್ಕೇ ದಿನದಲ್ಲಿ ಕಲಿತುಬಿಟ್ಟ. ಆದರೆ ಈಗ ನಮ್ಮ ಟೈಲರ್ ಮಾಸ್ತರು ಅಳತೆಗೆ ಟೇಪು ತೆಗೆದರೂ ಎದ್ದು ಬಂದು ಗಿರಾಕಿಯ ಕಾಲ ಬಳಿ ಕೂರುತ್ತಾನೆ! ನಿನ್ನೆ ಒಬ್ಬರು, "ಏನ್ ಮಾಸ್ತರೇ, ಸೊಂಟದಳತೆ ನಿಮಗೆ, ಕಾಲಿಂದು ಇವನಿಗಾ?" ಎಂದರು. "ಕಾಲಳತೇಲಿ ನನಗಿಂತ ಇವನೇ ಪಕ್ಕಾ" ಎಂದರು ಮಾಸ್ತರು. ನಾನು ನಕ್ಕೂ ನಕ್ಕೂ ಸೂಜಿ ಕಳೆದುಕೊಂಡೆ.

ಪತ್ರದ ಜೊತೆ ಒಂದು ಹಳೆ ಟೇಪು ಇಟ್ಟಿದ್ದೇನೆ. ಅವನ ಕಣ್ಣಿಗೆ ಬೀಳುವ ಹಾಗೆ ಬೀಸಿ. ನಿಮ್ಮ ಹತ್ತಿರವೇ ಬಂದರೆ ಹೆದರಬೇಡಿ, ತಲೆ ಸವರಿದರೆ ಸಾಕು. ದಯವಿಟ್ಟು ಅವನನ್ನು ಇಲ್ಲೇ ಇರಲು ಬಿಡಿ.

ಇವತ್ತು ಬೆಳಿಗ್ಗೆ ನಿಮ್ಮ ಚಪ್ಪಲಿ ಸದ್ದು ಕೇಳಿದ ಕೂಡಲೇ ಅಂಗಡಿ ಬಾಗಿಲಿನಿಂದ ಟೇಪು ಬೀಸಿದೆ. ಅವನು ಮೆಟ್ಟಿಲು ಬಿಟ್ಟು ನನ್ನ ಬಳಿ ಬಂದು ಕೂತ. ನೀವು ಚೀಲ ಹಿಡಿದು ಸಲೀಸಾಗಿ ಇಳಿದು ಹೋದಿರಿ.

ಇಂತಿ, ಉಂಡೆಯ ಪರವಾಗಿ,
ಕಾಜಾ ಹುಡುಗಿ