ಒಂದು ಮುಷ್ಟಿ ಉಸುಕು

ಹೊಳೆದಂಡೆ, ತಾ. ಮುದ್ದೇಬಿಹಾಳ
ಬುಧವಾರ, ೨೨ ಆಗಸ್ಟ್ ೧೯೭೩

ರೇವಪ್ಪ ಅವರಿಗೆ, ಹೆಂಡತಿ ರುಕ್ಮವ್ವ ಬರೆಯುವುದು.

ಶುಕ್ರವಾರ ನೀವು ಗಂಗವ್ವನ ಕಲ್ಲಿನ ಮೇಲೆ ಇಟ್ಟ ಉಸುಕು ನಡುಹೊಳೆಯದಲ್ಲ. ದಂಡೆಯದು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೀರಿಗಿಳಿದಿರಿ, ಅದನ್ನೇ ಹಿಡಿದುಕೊಂಡು ಮೇಲೆ ಬಂದಿರಿ. ಊರು ನಂಬಿತು. ಕಚೇರಿಯಿಂದ ಬಂದಿದ್ದ ಸಾಹೇಬರು ನಂಬಿದರು. ಬರುವ ೨೭ರ ಸೋಮವಾರದಿಂದ ಹೊಳೆ ದಾಟುವ ಯಾತ್ರೆಯ ಮಂದಿಗೆ ದೋಣಿ ಬಿಡಬಹುದು ಎಂದು ಅಲ್ಲೇ ಸಹಿ ಮಾಡಿದರು. ನಾನು ನಂಬಲಿಲ್ಲ.

ಹೆಸರು ಹಿಡಿದು ಬರೆದದ್ದಕ್ಕೆ ನಿಮಗೆ ಸಿಟ್ಟು ಬರಬಹುದು. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ನೀವು ಸೋಮವಾರ ನಡೆಸಲು ಹೊರಟಿರುವ ದೋಣಿ ಆಯುಷ್ಯ ಕಡಿಮೆ ಮಾಡುವಷ್ಟು ಈ ಹೆಸರು ಹೇಳುವುದು ಮಾಡಲಾರದು.

ಈ ಪತ್ರವನ್ನು ಟಪಾಲಿಗೆ ಹಾಕಿಲ್ಲ. ತಂದು ಕೊಟ್ಟವಳು ಹಜರಾಬಿ ಅಕ್ಕ. ನೀವು ಓದಿ ಮುಗಿಸುವವರೆಗೂ ಬಾಗಿಲಲ್ಲಿ ನಿಂತಿರುತ್ತಾಳೆ. ನಡುವೆ ಒಮ್ಮೆ ತಲೆ ಎತ್ತಿ ಅವಳ ಮುಖ ನೋಡಿರಿ. ಅವಳ ಗಂಡ ಮೀರಾಸಾಬ ಮತ್ತು ನೀವು ಒಂದೇ ದೋಣಿಯನ್ನು ಜಲ್ಲೆ ಹಾಕಿ ನೂಕಿದವರು. ಅವಳು ಬಡಿದ ರೊಟ್ಟಿಯನ್ನು ಇಬ್ಬರೂ ಮುರಿದುಕೊಂಡು ತಿಂದವರು. ಪತ್ರವನ್ನು ದೋಣಿ ಗುತ್ತಿಗೆದಾರ ಪರಮಾನಂದನ ಗುಮಾಸ್ತನಿಂದ ಓದಿಸಬೇಡಿರಿ. ನಿಮಗೆ ಅಕ್ಷರ ಕಲಿಸಿದವಳು ನಾನು, ಹತ್ತಿ ಜಿನ್ನಿನ ಕೂಲಿಕಾರರು ಹಂಚುತ್ತಿದ್ದ ಕರಪತ್ರಗಳ ಮೇಲೆ ನಿಮ್ಮ ಬೆರಳು ಇಡಿಸಿ. ಆಗ ನೀವು ಮೀರಾಸಾಬನ ಮುಂದೆ ನನ್ನನ್ನು ಚೇಷ್ಟೆ ಮಾಡುತ್ತಿದ್ದಿರಿ: “ಮಂದಿ ಹೆಂಡರು ಹಪ್ಪಳ ಮಾಡತಾರ, ನಮ್ಮಾಕಿ ಕ್ರಾಂತಿ ಮಾಡತಾಳ.” ಅದಕ್ಕೆ ಮೀರಾಸಾಬ, “ಮಾಡ್ಲಿ ಬಿಡೋ, ಹಪ್ಪಳಾ ಆದ್ರೂ ಒಂದಿನ ಸುಡಬೇಕಲ್ಲ” ಎನ್ನುತ್ತಿದ್ದ. ಆ ನಗು ನಮ್ಮ ಮನೆಯಲ್ಲಿ ಈಗ ಇಲ್ಲ.

ಉಸುಕಿನ ಮಾತಿಗೆ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಗೊತ್ತಿದ್ದವರೇ ಮರೆತಿದ್ದೀರಿ. ಹೊಳೆ ಬಂದು ಇಳಿದ ಮೇಲೆ ನಮ್ಮ ಅಂಬಿಗರು ಹೊಳೆವ್ವ ಬಾಣಂತಿ ಎನ್ನುತ್ತಾರೆ. ಆಗ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುಳುಗುವ ಮನೆತನದ ಒಬ್ಬ ಗಂಡಸು ನಡುಹೊಳೆಯಲ್ಲಿ ಇಳಿದು ತಳದಿಂದ ಒಂದು ಮುಷ್ಟಿ ತಂದು ಗಂಗವ್ವನ ಕಲ್ಲಿನ ಮೇಲೆ ಬಿಚ್ಚಬೇಕು. ಕರಿ ರಾಡಿ ಬಂದರೆ ತಳದಲ್ಲಿ ಏನು ಹೂತಿದೆಯೋ ತಿಳಿಯದು, ದೋಣಿ ಬಿಡುವಂತಿಲ್ಲ. ಉಸುಕು ಬಂದರೆ ಹೊಳೆ ತನ್ನನ್ನು ತಾನು ತೊಳೆದುಕೊಂಡಿದೆ, ಬಿಡಬಹುದು. ನಾನು ಓದಿದ ಕಾಗದಗಳು ಇಂಥದ್ದನ್ನೆಲ್ಲ ಮೂಢನಂಬಿಕೆ ಎನ್ನುತ್ತವೆ. ನಾನೂ ಹಾಗೆಯೇ ಅಂದು ಅಪ್ಪನ ಜೊತೆ ಜಗಳಾಡಿದ್ದೆ. ಈಗ ನೋಡಿದರೆ ಅದರಲ್ಲಿ ನಂಬಿಕೆಯ ಮಾತೇ ಇಲ್ಲ. ಮಂದಿಯನ್ನು ದೋಣಿಯಲ್ಲಿ ಕೂಡಿಸುವ ಮೊದಲು ಯಾರಾದರೊಬ್ಬ ಕೆಳಗೆ ಹೋಗಿ ಕೈಯಾಡಿಸಿ ಬರಲಿ ಎಂದು ಹಿರಿಯರು ಹಾಕಿದ ಕಟ್ಟಳೆ ಅದು. ದೇವರ ಹೆಸರು ಹೇಳದಿದ್ದರೆ ಪರಮಾನಂದನಂಥವರು ಅಷ್ಟನ್ನೂ ಮಾಡಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅಪ್ಪನ ಕಿವಿ ಒಡೆದು ಸೋರಲು ಹತ್ತಿದ ಮೇಲೆ ಆ ಮುಷ್ಟಿ ನಿಮಗೆ ಬಂತು. ಗಂಡುಮಕ್ಕಳಿಲ್ಲದ ಮನೆ. “ಅಳಿಯಾನ ನನ್ನ ಮಗಾ” ಎಂದು ಅಪ್ಪ ನಿಮ್ಮ ಬಲಗೈ ಹಿಡಿದು ಕಲ್ಲಿಗೆ ಮುಟ್ಟಿಸಿದ. ಶುಕ್ರವಾರ ಸುಳ್ಳು ಉಸುಕು ಬಿಚ್ಚಿದ್ದೂ ಅದೇ ಕೈ.

ಎಲ್ಲರೂ ಕಾಯಿ ಒಡೆದು ಮನೆಗೆ ಹೋದ ಮೇಲೆ ನಾನು ಅಲ್ಲೇ ನಿಂತೆ. ಕಲ್ಲಿನ ಮೇಲಿನ ಉಸುಕನ್ನು ಬೆರಳಿನಿಂದ ತಿಕ್ಕಿ ನೋಡಿದೆ. ಅದರಲ್ಲಿ ಬೂದಿ ಇತ್ತು. ಸುಟ್ಟ ಸಗಣಿ ಕುಳ್ಳಿನ ಕರಿ ಚೂರು ಇತ್ತು. ನಾನು ದಿನಾ ಪಾತ್ರೆ ತಿಕ್ಕುವ ಜಾಗದ ಉಸುಕು ಅದು, ಬೂದಿ ನನ್ನ ಒಲೆಯದು. ನಡುಹೊಳೆಯಲ್ಲಿ ಯಾರು ಒಲೆ ಹಚ್ಚಿದ್ದರು? ಅಂದೇ ನನ್ನ ಸೀರೆ ಗಂಟು ಕಟ್ಟಿಕೊಂಡು ಅಪ್ಪನ ಮನೆಗೆ ಬಂದೆ. ಯಾಕೆಂದು ನೀವು ಕೇಳಲಿಲ್ಲ. ಮರುದಿನ ಮುದ್ದೇಬಿಹಾಳದ ಬಸ್ಸು ಹತ್ತಿ ಪರಮಾನಂದನ ಗೋದಾಮಿನಲ್ಲಿ ಇಳಿದುಕೊಂಡಿರಿ. ಕಾರಣ ಕೇಳದವನಿಗೆ ಕಾರಣ ಗೊತ್ತಿರುತ್ತದೆ.

ಈಗ ನಿಮಗೆ ಗೊತ್ತಿಲ್ಲದ ಮಾತು. ಮೀರಾಸಾಬನ ದೋಣಿ ಸಿಕ್ಕಿದೆ.

ಹೊಳೆ ಏರಿದ ದಿನ ಅವನು ದೋಣಿಯನ್ನು ಬಿಗಿಯಲು ಹತ್ತಿದ್ದು, ದಂಡೆಯ ಮೇಲೆ ಹಗ್ಗದ ತುದಿ ನಿಮ್ಮ ಕೈಯಲ್ಲಿದ್ದದ್ದು, ಹಗ್ಗ ಹರಿದು ಅವನು ದೋಣಿಯ ಸಮೇತ ಹೋದದ್ದು ಊರಿಗೆಲ್ಲ ಗೊತ್ತು. ಹಗ್ಗ ಹೇಗೆ ಹರಿಯಿತೆಂದು ನಿಮ್ಮನ್ನು ನಾನು ಕೇಳಿಲ್ಲ, ಹಜರಾಬಿ ಅಕ್ಕನೂ ಕೇಳಿಲ್ಲ. ನಿಮ್ಮ ಅಂಗೈಯ ಚರ್ಮ ಸುಲಿದದ್ದನ್ನು ಇಬ್ಬರೂ ನೋಡಿದ್ದೇವೆ. ಅಂದಿನಿಂದ ಅವನು ಕೆಳಗೆ ಎಲ್ಲೋ ತೇಲಿ ಹೋಗಿರಬೇಕೆಂದೇ ಎಲ್ಲರೂ ತಿಳಿದಿದ್ದೆವು. ಹೋಗಿಲ್ಲ. ಮೊನ್ನೆ ಭಾನುವಾರ ಅಪ್ಪನ ತೆಪ್ಪ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿ, ಮುಳುಗಿ ನೋಡಲಾಯಿತು. ಅಪ್ಪನೇ ಮುಳುಗಿದನೆಂದು ಊರಿಗೆ ಹೇಳಿದ್ದೇವೆ. ಯಾವುದೋ ಊರಿನ ಜಾಲಿ ಮರ ಬೇರು ಸಮೇತ ಬಂದು ನಮ್ಮ ದೋಣಿ ಹೋಗುವ ದಾರಿಯಲ್ಲೇ ನಡುಹೊಳೆಯಲ್ಲಿ ಕೂತಿದೆ. ಅದಕ್ಕೆ ಸಿಕ್ಕಿ ದೋಣಿ ಹಿಂಭಾಗ ರಾಡಿಯಲ್ಲಿ ಹೂತು, ಮೂತಿ ಮೇಲೆತ್ತಿ ನಿಂತಿದೆ. ಅವನೂ ಅಲ್ಲೇ ಇದ್ದಾನೆ. ಅವನ ಸೊಂಟದ ಹಗ್ಗ ಕೊಂಬೆಗೆ ಸುತ್ತಿಕೊಂಡಿದೆ, ಒಬ್ಬರ ಕೈಯಿಂದ ಬಿಡಿಸಲು ಆಗುವಂಥದ್ದಲ್ಲ. ತೋಳಿನ ತಾಯತ ಮಾತ್ರ ಬಂತು. ಅದರ ದಾರಕ್ಕೆ ಹಾಕಿದ ಗಂಟು ತನ್ನದೇ ಎಂದು ಹಜರಾಬಿ ಅಕ್ಕ ಗುರುತು ಹಿಡಿದಳು. ಅಳಲಿಲ್ಲ. “ಹೊರಗ ತಗೀರಿ, ಮಣ್ಣ ಕೊಡೂಣು” ಎಂದಳು, ಅಷ್ಟೇ.

ಹೊಳೆ ದಿನಾ ಇಳಿಯುತ್ತಿದೆ. ಇಂದು ಆ ಮೂತಿ ನೀರಿನ ಒಳಗೆ ಆಳದಲ್ಲಿದೆ. ಸೋಮವಾರದ ಹೊತ್ತಿಗೆ ತುಂಬಿದ ದೋಣಿಯ ತಳಕ್ಕೆ ಸರಿಯಾಗಿ ತಾಗುವಷ್ಟು ಮೇಲೆ ಬಂದಿರುತ್ತದೆ, ಕಣ್ಣಿಗೆ ಕಾಣುವಷ್ಟಲ್ಲ. ಬಳಸಿಕೊಂಡು ಹೋಗುತ್ತೇನೆ ಎಂದು ನೀವು ಅನ್ನಬಹುದು. ಮಂದಿ ತುಂಬಿದ ದೋಣಿ ಸೆಳವಿನಲ್ಲಿ ಯಾರ ಮಾತು ಕೇಳುತ್ತದೆ?

ಪರಮಾನಂದನಿಗೂ ಹೇಳಿದೆವು. ಮೊನ್ನೆ ಸೋಮವಾರ ಅವನು ದಂಡೆಗೆ ಚಪ್ಪರ ಹಾಕಿಸಲು ಬಂದಿದ್ದ. ಅಪ್ಪ ತಲೆಯ ಪಟಗಾ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತಾಡಿದ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

“ಗುರಪ್ಪ, ನಿನ್ನ ಅಳಿಯಾನ ಉಸುಕು ತಂದಾನ, ಕಚೇರಿ ಸಹಿ-ಸಿಕ್ಕಾ ಬಿದ್ದೈತಿ. ಇಂಡಿ, ಸಿಂದಗಿ, ಬಾಗೇವಾಡಿ ಕಡಿಂದ ಟೂರಿಂಗ್ ಬಸ್ಸು ಬರಾಕತ್ತಾವು. ಈಗ ನಿನ್ನ ಮಗಳ ಮಾತು ಕೇಳಿ ಬಂದ್ ಮಾಡ್ಲೇನು?” ಎಂದ ಪರಮಾನಂದ.

“ಎಂಟು ದಿನ ತಡೀರಿ ಸಾವಕಾರ್ರ. ಹೊಳಿ ಇಳದು ತಾನ ತೋರಸ್ತೈತಿ,” ಎಂದ ಅಪ್ಪ.

“ಎಂಟು ದಿನಕ್ಕ ಶ್ರಾವಣಾನೂ ಇಳದು ಹೋಗತೈತಿ. ಕಡೀ ಸೋಮವಾರ ಅದೊಂದ ಉಳದೈತಿ.”

ನಾನು ನಡುವೆ ಬಾಯಿ ಹಾಕಿದೆ. ಸತ್ತವನ ಮೇಲೆ ದೋಣಿ ಹಾಯಿಸುತ್ತೀರೇನು ಎಂದು ಕೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಅಪ್ಪನಿಗೇ ಹೇಳಿದ: “ಓದಿಸಬಾರದಿತ್ತ ನೀ.” ಕಚೇರಿಗೆ ಹೋದರೆ ಅಲ್ಲಿ ಹೆಣ ಮೇಲೆ ತಂದು ತೋರಿಸಿ ಎಂದರು. ಹೆಣ ತರಬೇಕಾದರೆ ದೋಣಿ ನಿಲ್ಲಬೇಕು, ದೋಣಿ ನಿಲ್ಲಬೇಕಾದರೆ ಹೆಣ ಬರಬೇಕು. ಇದಕ್ಕೆ ಸರಕಾರ ಎನ್ನುತ್ತಾರೆ.

ದಂಡೆಯ ಅಂಗಡಿಯವರನ್ನೆಲ್ಲ ಕೂಡಿಸಿದೆ. ಮಾಲೀಕನ ಕೈಯಲ್ಲಿ ಹಸಿವೇ ಆಯುಧ ಎಂದು ಕರಪತ್ರದಲ್ಲಿ ಓದಿದ್ದನ್ನು ಹೇಳಿದೆ. ಕಾಯಿ ಮಾರುವ ಶಂಕ್ರೆವ್ವಾಯಿ ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡಳು. ಆಮೇಲೆ, “ಯವ್ವಾ ರುಕ್ಮಾ, ನಿನ್ನ ಕಾಗದ ಕುದಿಸಿ ಕುಡದ್ರ ಹೊಟ್ಟಿ ತುಂಬತೈತೇನ? ಹೊಳಿ ಬಂದಾಗಿಂದ ಒಬ್ಬ ಗಿರಾಕಿ ಇಲ್ಲ, ಕಾಯಿ ಕೊಳತು ಹೊಂಟಾವು” ಎಂದಳು. ಒಂದು ಕಾಯಿ ಒಡೆದು ಅರ್ಧ ನನ್ನ ಕೈಗಿಟ್ಟಳು. “ತಿನ್ನು. ಆಮ್ಯಾಲ ಭಾಷಣ ಮಾಡು.” ಕಾಯಿ ಮುಗ್ಗಿತ್ತು. ತಿಂದೆ. ಮೀರಾಸಾಬ ಅಲ್ಲೇ ಇದ್ದಾನೆ ಎಂದಾಗ ಬಾಯಿಗೆ ಸೆರಗು ಹಚ್ಚಿಕೊಂಡಳು. ಸಂಜೆ ಅವಳೇ ಪರಮಾನಂದನ ಚಪ್ಪರಕ್ಕೆ ಮಾವಿನ ತೋರಣ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಮುಖ ಆಚೆ ಮಾಡಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಸಿದವಳಿಗೆ ಎಂಟು ದಿನ ಎಂದರೆ ಎಂಟು ದಿನವೇ. ಆ ಎಂಟು ದಿನ ಅವಳಿಗೆ ಜೋಳ ಕೊಡಬೇಕಾದವರು ಯಾರು ಎಂಬುದನ್ನು ನಾನು ಯಾರ ಮನೆ ಬಾಗಿಲಲ್ಲಾದರೂ ಕೇಳುವವಳೇ. ಆದರೆ ಆ ಹಸಿವಿಗೆ ಯಾತ್ರೆಯ ಮಂದಿಯನ್ನು ಬಲಿ ಕೊಡಲು ಒಪ್ಪುವುದಿಲ್ಲ.

ಈ ದಂಡೆಯ ಉಳಿದ ಅಂಬಿಗರು ಜಲ್ಲೆ ಮುಟ್ಟುವುದಿಲ್ಲ ಎಂದಿದ್ದಾರೆ. ಒಪ್ಪಿರುವುದು ನೀವೊಬ್ಬರು. ನೀವು ಹತ್ತದಿದ್ದರೆ ಸೋಮವಾರ ದೋಣಿ ಹೊರಡದು. ನಿಮ್ಮನ್ನು ದೋಣಿಗಳ ಮೇಲೆ ನಾಯಕನನ್ನಾಗಿ ಮಾಡುತ್ತೇನೆಂದು ಪರಮಾನಂದ ಮಾತು ಕೊಟ್ಟಿದ್ದಾನಂತೆ. ಅದಕ್ಕಾಗಿಯೇ ಸುಳ್ಳು ಮುಷ್ಟಿ ಬಿಚ್ಚಿದಿರಿ ಎಂದು ಬಹಳ ಕೆಟ್ಟ ಮಾತುಗಳಲ್ಲಿ ಬರೆದಿದ್ದೆ. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ನಾನು ಕೇಳುವುದು ಇಷ್ಟು. ಭಾನುವಾರ ಬನ್ನಿರಿ. ಊರು ಕೂಡಿರುತ್ತದೆ. ಇಳಿಯುವ ಮೊದಲು ಎರಡೂ ಅಂಗೈ ಬಿಚ್ಚಿ ಎಲ್ಲರಿಗೂ ತೋರಿಸಿರಿ. ಆ ಗಾಯವನ್ನೂ ನೋಡಲಿ. ಆಮೇಲೆ ಮುಳುಗಿ, ತಳದಲ್ಲಿ ಏನಿದೆಯೋ ಅದನ್ನೇ ತಂದು ಕಲ್ಲಿನ ಮೇಲೆ ಇಡಿರಿ. ಕರಿ ರಾಡಿ ಬಿದ್ದ ಕಲ್ಲಿನ ಮುಂದೆ ದೋಣಿ ಬಿಡಿಸುವ ಧೈರ್ಯ ಪರಮಾನಂದನಿಗೂ ಇಲ್ಲ, ದೋಣಿ ಹತ್ತುವ ಧೈರ್ಯ ಮಂದಿಗೂ ಇಲ್ಲ. ಗೊಳಸಂಗಿಯ ನಮ್ಮ ಸೋದರಮಾವ ಮಡಿವಾಳಪ್ಪ ಎತ್ತು, ಮಿಣಿ ಹಗ್ಗ ತರುತ್ತೇನೆಂದು ಹೇಳಿ ಕಳಿಸಿದ್ದಾನೆ. ಮೀರಾಸಾಬನನ್ನು ಹೊರಗೆ ತೆಗೆಯೋಣ. ಮರ ಎಳೆಯೋಣ. ಆಮೇಲೆ ದೋಣಿ ಬಿಡಲಿ, ಮೊದಲ ದೋಣಿಗೆ ಶಂಕ್ರೆವ್ವಾಯಿಯ ಕಾಯಿಯನ್ನು ನಾನೇ ಒಡೆಯುತ್ತೇನೆ.

ನೀವು ಬರದಿದ್ದರೂ ಭಾನುವಾರ ಒಬ್ಬರು ಮುಳುಗುತ್ತಾರೆ. ಯಾರೆಂದು ಬರೆಯುವುದಿಲ್ಲ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ರುಕ್ಮವ್ವ

ತಾ.ಕ.: ಮೇಲಿನದನ್ನು ಹಜರಾಬಿ ಅಕ್ಕನಿಗೆ ಓದಿ ತೋರಿಸಿದೆ. “ಅವನಿಗೆ ಸುಳ್ಳಗಾರ ಅಂತ ಬರದಿ, ನೀನೂ ಒಂದ ಮುಚ್ಚಿಟ್ಟಿಯಲ್ಲ” ಎಂದಳು. ಸರಿಯಾಗಿಯೇ ಹೇಳಿದಳು. ಮೊನ್ನೆ ಭಾನುವಾರ ಮುಳುಗಿದವನು ಅಪ್ಪನಲ್ಲ. ನಾನು. ಅಪ್ಪ ತೆಪ್ಪ ಹಿಡಿದಿದ್ದ, ನನ್ನ ಸೊಂಟದ ಹಗ್ಗ ಹಜರಾಬಿ ಅಕ್ಕನ ಕೈಯಲ್ಲಿತ್ತು. ಬಾಣಂತಿ ಹೊಳೆಯಲ್ಲಿ ಹೆಣ್ಣು ಮುಳುಗಿದಳೆಂದು ತಿಳಿದರೆ ಮುಂದೆ ಆಗುವ ಎಲ್ಲ ಕೇಡಿಗೂ ನನ್ನ ಹೆಸರೇ ಬರುತ್ತದೆ, ತಳದಲ್ಲಿರುವ ದೋಣಿಯ ಮಾತು ಯಾರೂ ಕೇಳುವುದಿಲ್ಲ. ಅದಕ್ಕೇ ಅಪ್ಪನ ಹೆಸರು ಹೇಳಿದೆವು.

ಕೆಳಗೆ ಏನೂ ಕಾಣುವುದಿಲ್ಲ, ಮರ, ದೋಣಿ, ಹಗ್ಗ ಎಲ್ಲವನ್ನೂ ಕೈಯಾಡಿಸಿಯೇ ತಿಳಿದದ್ದು. ಕೊಂಬೆ ಎಂದುಕೊಂಡು ಅವನ ತೋಳು ಹಿಡಿದೆ. ಹಿಡಿದ ಮೇಲೆ ತಿಳಿಯಿತು. ತಳದ ರಾಡಿಯಲ್ಲಿ ಒಂದು ಮುಷ್ಟಿ ತರಬೇಕೆಂದು ಹೋದವಳು ಅದನ್ನೂ ಬಿಟ್ಟು ಮೇಲೆ ಬಂದೆ, ಕೈಗೆ ತಾಯತ ಸಿಕ್ಕಿಕೊಂಡಿತ್ತು. ತೆಪ್ಪದಲ್ಲಿ ಬಿದ್ದುಕೊಂಡು ನಡುಗುವಾಗ ನಿಮ್ಮ ನೆನಪಾಯಿತು. ಶುಕ್ರವಾರ ನೀವು ಹೆದರಿದ್ದು ಪರಮಾನಂದನಿಗಲ್ಲ. ಮೀರಾಸಾಬನಿಗೆ. ಅವನು ಅಲ್ಲೇ ಇರಬಹುದೆಂದು, ಕೈಗೆ ಸಿಕ್ಕಾನೆಂದು. ಶುಕ್ರವಾರದ ಮುಷ್ಟಿಯನ್ನು ನಾನು ಕ್ಷಮಿಸಿದ್ದೇನೆ. ಸೋಮವಾರದ ದೋಣಿಯನ್ನು ಕ್ಷಮಿಸುವುದಿಲ್ಲ.

ನೀವು ಬಂದರೆ ನಿಮ್ಮ ಹಗ್ಗ ನಾನು ಹಿಡಿಯುತ್ತೇನೆ, ಬಿಡುವುದಿಲ್ಲ. ಬರದಿದ್ದರೆ ಊರ ಮುಂದೆ ನಾನೇ ಅಂಗೈ ತೋರಿಸಿ ಇಳಿಯುತ್ತೇನೆ, ಈ ಸಲ ರಾಡಿ ತರದೆ ಮೇಲೆ ಬರುವುದಿಲ್ಲ.

ಗಂಗವ್ವನ ಕಲ್ಲು. ಭಾನುವಾರ, ೨೬ನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ.