ಹುಳುವಿಗೆ ಬಿಟ್ಟ ಐದನೆಯ ಪಾಲು

ಮಾನ್ಯ ಸಸ್ಯ ಸಂರಕ್ಷಣಾ ಅಧಿಕಾರಿಗಳೇ,

ಬರುವ ಶನಿವಾರ ನನ್ನ ಹೊಲದ ಮೇಲೆ ವಿಮಾನದಿಂದ ವಿಷ ಸುರಿಸುವುದಾಗಿ ಆದೇಶ ಕಳಿಸಿದ್ದೀರಿ. ನಾನು ‘ಉದ್ದೇಶಪೂರ್ವಕವಾಗಿ ಹುಳು ಬೆಳೆಸಿ ನೆರೆಯವರ ಸೋಯಾ ಹಾಳು ಮಾಡುತ್ತಿರುವುದು’ ಅದಕ್ಕೆ ಕಾರಣವಂತೆ. ಹುಳು ಬೆಳೆಸುತ್ತಿರುವುದು ನಿಜ. ಬೆಳೆಸಬೇಕೆಂದು ಹೇಳಿಕೊಟ್ಟವರು ಯಾರು ಎಂಬುದನ್ನು ಆದೇಶದಲ್ಲಿ ಬರೆಯಲು ಮರೆತಿದ್ದೀರಿ, ಅಷ್ಟೇ.

ಕುಲಾಂತರಿ ಸೋಯಾ ಬಂದ ವರ್ಷ ನಿಮ್ಮ ಕಚೇರಿಯವರೇ ನಮ್ಮೂರು ನೋವಾ ಆಸೊಲೊದ ಸಹಕಾರ ಸಂಘದಲ್ಲಿ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡಿದರು. ಈ ಗಿಡದ ಎಲೆ ತಿಂದ ಹುಳು ಸಾಯುತ್ತದೆ. ಎಲ್ಲೋ ಒಂದೆರಡು ಗಟ್ಟಿ ಜೀವಗಳು ಮಾತ್ರ ಬದುಕಿ ಪತಂಗವಾಗುತ್ತವೆ. ಅವು ತಮ್ಮತಮ್ಮಲ್ಲೇ ಕೂಡಿದರೆ ಹುಟ್ಟುವುದೆಲ್ಲ ಗಟ್ಟಿ, ಆಮೇಲೆ ಬೀಜ ಕೆಲಸಕ್ಕೆ ಬಾರದು. ಆದ್ದರಿಂದ ಹೊಲದ ಐದನೆಯ ಒಂದು ಪಾಲಿನಲ್ಲಿ ಹಳೆಯ ಸೋಯಾ ಬಿತ್ತಿ, ಬಡಪಾಯಿ ಹುಳುಗಳು ತಿಂದು ಬೆಳೆಯಲು ಬಿಡಿ. ಆ ಪತಂಗಗಳು ಗಟ್ಟಿ ಪತಂಗಗಳ ಜೊತೆ ಕೂಡಿದರೆ ಅವುಗಳ ಮರಿಗಳು ಮತ್ತೆ ಕುಲಾಂತರಿ ಎಲೆ ತಿಂದು ಸಾಯುತ್ತವೆ. ‘ಆಶ್ರಯ ಪಟ್ಟಿ’ ಎಂದು ನಾಮಕರಣ ಮಾಡಿದವರೂ ನೀವೇ. ನಾನು ನಂಬಿದೆ. ಊರಲ್ಲಿ ನಂಬಿದವಳು ನಾನೊಬ್ಬಳೇ ಎಂದು ಗೊತ್ತಾದದ್ದು ತಡವಾಗಿ.

ನಂಬಲು ನನಗೆ ಕಾರಣವಿತ್ತು. ಅದರ ಹೆಸರು ದಾರ್ಸಿ, ನನ್ನ ಗಂಡ. ಈ ಬೀಜ ಬರುವ ಮೊದಲು ಹುಳುವಿನ ಕಾಟಕ್ಕೆ ಅವನು ವಾರವಾರವೂ ಟ್ರ್ಯಾಕ್ಟರ್ ಹತ್ತಿ ವಿಷ ಹೊಡೆಯುತ್ತಿದ್ದ. ಮನೆಗೆ ಬಂದು ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಒಂದು ದಿನ ಹೊಲದಲ್ಲೇ ಬಿದ್ದ. ಉಳಿಸಿದ ಡಾಕ್ಟರಮ್ಮ, “ಇನ್ನೊಂದ್ಸಲ ಈ ವಿಷ ಒಳಗೆ ಹೋದ್ರೆ ನನ್ನ ಹತ್ರ ಕರ್ಕೊಂಡು ಬರ್ಬೇಡಿ, ಉಪಯೋಗ ಇಲ್ಲ” ಎಂದರು. ಕುಲಾಂತರಿ ಸೋಯಾ ಬಂದ ಮೇಲೆ ಹುಳುವಿನ ವಿಷದ ಟ್ಯಾಂಕು ಕೊಟ್ಟಿಗೆ ಸೇರಿತು. ಕೈ ನಡುಗಿದರೂ ಗಂಡ ಬದುಕಿದ್ದಾನೆ. ಈ ಬೀಜದ ವಿರುದ್ಧ ಬಾವುಟ ಹಿಡಿದವಳು ನಾನಲ್ಲ ಸ್ವಾಮಿ. ಅದು ಕೆಡಬಾರದು ಎಂದೇ ಪ್ರತಿ ವರ್ಷ ಐದನೆಯ ಪಾಲು ಬೆಳೆಯನ್ನು ಹುಳುವಿನ ಬಾಯಿಗೆ ಹಾಕುತ್ತಿದ್ದೇನೆ.

ಇನ್ನು ನಿಮ್ಮ ಪರಿವೀಕ್ಷಕರ ಕಥೆ. ಕಳೆದ ನವೆಂಬರಿನಲ್ಲಿ ನಾನು ಕೋಳಿಗಳಿಗೆ ಜೋಳ ಹಾಕುತ್ತಿದ್ದಾಗ ಯಾರ್ಯಾರು ಪಟ್ಟಿ ಬಿಟ್ಟಿದ್ದಾರೆಂದು ನೋಡಲು ಬಂದ ಅವರ ಜೀಪು ಬೇಲಿಯ ಆಚೆ ನಿಂತಿತು. ಪಕ್ಕದ ಹೊಲದ ಅದೆಮಾರ್ ಇಳಿದು, ಟೋಪಿ ತೆಗೆದು, ನನ್ನ ಪಟ್ಟಿಯತ್ತ ಕೈ ತೋರಿಸಿ, “ಇದೇ ಸಾರ್, ನಮ್ಮ ಆಶ್ರಯ ಪಟ್ಟಿ” ಎಂದ.

“ಏನೋ ಅದೆಮಾರ್, ನನ್ನ ಹೊಲ ಯಾವಾಗ ನಿಂದಾಯ್ತು? ನನಗೆ ಗೊತ್ತಿಲ್ದಂಗೆ ನನ್ನ ಮದುವೆ ಆದ್ಯಾ?”

“ಸುಮ್ನಿರಕ್ಕಾ, ಒಂದು ಕಾಫಿ ಕುಡಿದು ಹೋಗ್ತಾರೆ ಪಾಪ.”

ಪರಿವೀಕ್ಷಕರು ನಕ್ಕರು. ನನ್ನ ಕಾಫಿ ಕುಡಿದರು. ಮರಗೆಣಸಿನ ಹಿಟ್ಟಿನ ಚೀಸ್ ಬನ್ನುಗಳನ್ನು ತಿಂದು, ಉಳಿದವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಆಮೇಲೆ ಉತ್ತರದ ಬೇಲಿಯಿಂದ ಒಬ್ಬ, ಹಳ್ಳದ ಕಡೆಯಿಂದ ಇನ್ನೊಬ್ಬ ಇದೇ ಪಟ್ಟಿಯನ್ನು ತನ್ನದೆಂದು ಅದೇ ಪರಿವೀಕ್ಷಕರಿಗೆ ತೋರಿಸಿದ. ಎಲ್ಲರಿಗೂ ಒಪ್ಪಿಗೆ ಸಿಕ್ಕಿತು. ಆಗ ಊರಿಗೆಲ್ಲ ಆಶ್ರಯವಾಗಿದ್ದ ಪಟ್ಟಿ ಈಗ ನನ್ನೊಬ್ಬಳ ಅಪರಾಧವಾದದ್ದು ಹೇಗೆ? ಆ ಕರವಸ್ತ್ರವನ್ನಾದರೂ ವಾಪಸು ಕೊಡಿಸುತ್ತೀರಾ? ಅದು ನನ್ನದು.

ಜನವರಿಯಲ್ಲಿ ಅದೆಮಾರನ ಕುಲಾಂತರಿ ಗಿಡಗಳ ಎಲೆ ಜರಡಿಯಾಯಿತು. ನಾನೇ ಹೋಗಿ ಸಾಲುಗಳ ನಡುವೆ ಬಿಳಿ ಬಟ್ಟೆ ಹಾಸಿ ಗಿಡ ಅಲುಗಿಸಿದೆ. ದಪ್ಪದಪ್ಪ ಹುಳು ಉದುರಿದವು. ಸಂಘದ ಸಭೆಯಲ್ಲಿ ಅದನ್ನು ಹೇಳಿದಾಗ ಪರಿವೀಕ್ಷಕರು ಎದ್ದು ನಿಂತರು.

“ಇರಾಸಿ ಅಮ್ಮನವರೇ, ಕುಲಾಂತರಿ ಎಲೆ ತಿಂದ ಹುಳು ಬದುಕೋದೇ ಇಲ್ಲ. ಹಾಗಾಗಿ ಇವು ನಿಮ್ಮ ಪಟ್ಟಿಯಿಂದ ಹೋದವೇ.”

“ನನ್ನ ಹುಳ ಆಗಿದ್ರೆ ಅವನ ಎಲೆ ತಿಂದು ಸಾಯ್ಬೇಕಿತ್ತಲ್ಲ ಸ್ವಾಮಿ? ಕೊಬ್ಬಿ ಕೂತಿದಾವಲ್ಲ?”

ಅವರು ಮೊಬೈಲು ನೋಡಿದರು. ನೆರೆಯವರೆಲ್ಲ ನೆಲ ನೋಡಿದರು. ಹೊರಗೆ ಬಂದ ಮೇಲೆ ಅದೆಮಾರ್ ನನ್ನ ಹಿಂದೆಯೇ ಬಂದ. “ಬೇಜಾರು ಮಾಡ್ಕೋಬೇಡಕ್ಕಾ. ನಾವ್ಯಾರೂ ಪಟ್ಟಿ ಬಿಟ್ಟಿಲ್ಲ ಅಂತ ನಿಜ ಹೇಳಿದ್ರೆ ಎಲ್ರಿಗೂ ದಂಡ ಬೀಳುತ್ತೆ. ಹಿಂಗಾದ್ರೆ ನಿನ್ನೊಬ್ಬಳಿಗೇ ಮುಗಿಯುತ್ತೆ.”

“ದಂಡ ನನಗೆ, ವಿಷ ದಾರ್ಸಿಗೆ. ಚೆನ್ನಾಗಿ ಹಂಚಿದ್ಯಪ್ಪಾ” ಎಂದೆ. ಅವನ ಕಣ್ಣಲ್ಲಿ ನೀರು ಬಂತು. ನನಗೆ ಕನಿಕರ ಬರಲಿಲ್ಲ, ಅಸಹ್ಯವಾಯಿತು. ಅದಕ್ಕಿಂತ ಹೆಚ್ಚು ಅಸಹ್ಯ ನಿಮ್ಮ ಮೇಲಿದೆ. ಅವನು ಹೆದರಿ ಸುಳ್ಳು ಹೇಳಿದ. ನೀವು ಹೊಲಕ್ಕಿಳಿದು ನೋಡುವ ಶ್ರಮ ತಪ್ಪಿಸಿಕೊಳ್ಳಲು ಆ ಸುಳ್ಳಿಗೆ ಮೊಹರು ಒತ್ತಿದಿರಿ. ನನ್ನ ಪಟ್ಟಿಯ ಬಡಪಾಯಿ ಹುಳುಗಳು ಸತ್ತ ಮೇಲೆ ಗಟ್ಟಿ ಪತಂಗಕ್ಕೆ ಜೊತೆ ಸಿಗುವುದು ಗಟ್ಟಿ ಪತಂಗವೇ. ಎರಡು ಬೆಳೆ ಕಳೆಯುವುದರೊಳಗೆ ಊರಿಗೆ ಊರೇ ಮತ್ತೆ ಟ್ಯಾಂಕು ಹೊರುತ್ತದೆ. ಆಗ ಯಾರ ಹೊಲಕ್ಕೆ ವಿಮಾನ ಕಳಿಸುತ್ತೀರಿ?

ನಾನು ಕೇಳುವುದು ಇಷ್ಟು: ಆದೇಶ ಹಿಂದಕ್ಕೆ ಪಡೆಯಿರಿ. ಪರಿವೀಕ್ಷಕರನ್ನು ಕಳಿಸಬೇಡಿ, ನೀವೇ ಬನ್ನಿ. ಬಿಳಿ ಬಟ್ಟೆಯನ್ನು ನಿಮ್ಮ ಕೈಯಾರೆ ಅದೆಮಾರನ ಸಾಲಿನಲ್ಲಿ ಹಾಸಿ. ಉದುರಿದ್ದು ಯಾರ ಹುಳು ಎಂದು ಅಲ್ಲೇ ನಿಂತು ಎಲ್ಲರೆದುರು ಹೇಳಿ.

ಬರದಿದ್ದರೆ ಶನಿವಾರ ಬೆಳಿಗ್ಗೆ ನಾನು ಆ ಪಟ್ಟಿಯ ನಡುವೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಪೈಲಟ್‌ಗೆ ತಿಳಿಸಿಬಿಡಿ. ದಾರ್ಸಿಗೆ ಮನೆಯೊಳಗೆ ಕಿಟಕಿ ಹಾಕಿಕೊಂಡು ಇರು ಎಂದು ಹೇಳಿದ್ದೇನೆ, ಬೈದಿದ್ದೇನೆ, ಅತ್ತಿದ್ದೇನೆ. ಈಗ ಈ ಪತ್ರ ಬರೆಯುತ್ತಲೇ ಹೊರಗೆ ಇಣುಕಿ ನೋಡಿದರೆ, ಜಗುಲಿಯ ಮೇಲೆ ನಡುಗುವ ಕೈಯಿಂದ ಎರಡನೆಯ ಕುರ್ಚಿಯನ್ನು ಒರೆಸುತ್ತಿದ್ದಾನೆ.

ಇಂತಿ,
ನಿಮ್ಮ ಪಾಠವನ್ನು ನಂಬಿ ಕೆಟ್ಟ ಏಕೈಕ ವಿದ್ಯಾರ್ಥಿನಿ,
ಇರಾಸಿ ಬೊರ್ಟೊಲಿನ್
ನೋವಾ ಆಸೊಲೊ, ಮಾಟೊ ಗ್ರೊಸ್ಸೊ